ಎರಡು ದೀಪ ಒಂದಾಗುವ ಜಾಗ

“ಗುರುಗಳೇ, ಆಕಾಶ ಕಾಣದ ಕಡೆ ದಾರಿ ತಿಳಿಯುವುದು ಹೇಗೆ?”

ಐತಪ್ಪ ಇದನ್ನು ಕೇಳಿದ್ದು ಮಠದ ಜಗಲಿಯಲ್ಲಿ, ಮಧ್ಯಾಹ್ನದ ಊಟ ಮುಗಿದ ಹೊತ್ತಿಗೆ. ಅವನು ಆಗ ತಾನೇ ಕಾಡಿನಿಂದ ಹಿಂತಿರುಗಿದ್ದ. ಅಂಗಿ ಹರಿದಿತ್ತು. ಬಲಗಾಲಿನ ಅಂಗಾಲಿನಲ್ಲಿ ಮುಳ್ಳು ಮುರಿದು ಕೂತಿತ್ತು. ಮೆಟ್ಟಿಲ ಬಳಿ ಯಾರದೋ ಸವೆದ ಚಪ್ಪಲಿ ಇತ್ತು. ಜಗಲಿಯ ಆ ಕೊನೆಯಲ್ಲಿ ದಾರಿಹೋಕನೊಬ್ಬ ಮುಂಡಾಸಿನ ಬಟ್ಟೆಯನ್ನು ಮುಖದ ಮೇಲೆ ಹಾಕಿಕೊಂಡು ಮಲಗಿದ್ದ. ಮಠದ ಜಗಲಿಯಲ್ಲಿ ಹೀಗೆ ಯಾರಾದರೂ ಮಲಗಿರುವುದು ಹೊಸದಲ್ಲ. ಐತಪ್ಪ ಅವನ ಕಾಲು ತುಳಿಯದಂತೆ ದಾಟಿ ಬಂದು, ಗುರುಗಳ ಎದುರಿಗೆ, ಗೋಡೆಗೆ ಮುಖ ಮಾಡಿ ಕುಳಿತ.

ಪ್ರಶ್ನೆ ದಾರಿಯದು. ಸಂಕಟ ಬೇರೆಯದು. ಅದು ಗುರುಗಳಿಗೆ ಗೊತ್ತಿತ್ತು.

ಹನ್ನೊಂದು ವರ್ಷದ ಹಿಂದೆ ಐತಪ್ಪ ಮತ್ತು ಅವನ ಅಣ್ಣ ದೂಮಣ್ಣ ಅಪ್ಪನ ಬೂದಿ ಬಿಡಲು ಮಠದ ಎದುರಿನ ಹೊಳೆಗೆ ಬಂದಿದ್ದರು. ಬೂದಿ ಬಿಟ್ಟು, ಮುಳುಗೆದ್ದು, ಒದ್ದೆ ಬಟ್ಟೆಯಲ್ಲೇ ಈ ಜಗಲಿಯಲ್ಲಿ ಕುಳಿತು ಒಂದೇ ಎಲೆಯಲ್ಲಿ ಅವಲಕ್ಕಿ ತಿಂದರು. ಎಲೆ ಖಾಲಿಯಾಗುವ ಹೊತ್ತಿಗೆ ಐತಪ್ಪ ಅಣ್ಣನಿಗೆ ಒಂದು ಮಾತು ಅಂದ. ಅಪ್ಪನ ಕೊನೆಯ ಕಾಯಿಲೆಯಲ್ಲಿ ನೀನು ನೋಡಿಕೊಂಡಿದ್ದರೆ ಅವರು ಉಳಿಯುತ್ತಿದ್ದರು ಎಂಬ ಮಾತು. ದೂಮಣ್ಣ ಎಲೆ ಮಡಿಚಿದ. ಎದ್ದು ಹೋದ. ಮನೆಗೂ ಹೋಗಲಿಲ್ಲ. ಅವನಿಲ್ಲದ ಮನೆಗೆ ಹೋಗುವ ಮುಖವಿಲ್ಲದೆ ಐತಪ್ಪ ಮಠದಲ್ಲೇ ಉಳಿದುಕೊಂಡ. ಗುರುಗಳು ಒಂದು ದಿನವೂ ಯಾಕೆ ಎಂದು ಕೇಳಲಿಲ್ಲ.

ಈ ವರ್ಷ ಅವನು ಅಣ್ಣನನ್ನು ಹುಡುಕಿ ಹೊರಟದ್ದು ಇದು ಮೂರನೆಯ ಸಲ. ಮೊದಲ ಸಲ ಬಂದರಿನಲ್ಲಿ ಮೀನಿನ ಬುಟ್ಟಿ ಹೊರುತ್ತಿದ್ದಾನೆ ಎಂದು ಯಾರೋ ಹೇಳಿದರು. ಇವನು ಹೋಗುವಷ್ಟರಲ್ಲಿ ಅವನಿರಲಿಲ್ಲ. ಎರಡನೆಯ ಸಲ ಕಲ್ಲಿನ ಕೋರೆಯಲ್ಲಿ ಇದ್ದಾನೆ ಎಂದರು. ಅಲ್ಲಿದ್ದ ದೂಮಣ್ಣ ಬೇರೆ ಯಾರೋ ದೂಮಣ್ಣ. ಈಗ ಘಟ್ಟದ ಬುಡದಲ್ಲಿ, ಜೇನು ಕೀಳುವವರ ಜೊತೆ ಕಂಡೆ ಎಂದು ಸಂತೆಗೆ ಬಂದವನೊಬ್ಬ ಹೇಳಿದ. ಐತಪ್ಪ ಫೋನಿನ ನಕ್ಷೆ ನಂಬಿ ಕಾಡು ಹೊಕ್ಕ. ಎರಡು ಬೆಟ್ಟಗಳ ನಡುವಿನ ಕಣಿವೆಗೆ ಇಳಿದ ಮೇಲೆ ನಕ್ಷೆಯ ನೀಲಿ ಚುಕ್ಕೆ ನಿಂತುಬಿಟ್ಟಿತು. ಅವನು ನಡೆದ. ಚುಕ್ಕೆ ನಡೆಯಲಿಲ್ಲ. ಉಪಗ್ರಹದ ಸಂಕೇತ ಆ ಆಳಕ್ಕೆ ಇಳಿಯುತ್ತಿರಲಿಲ್ಲ. ಒಂದೂವರೆ ದಿನ ಸುತ್ತಿ, ಮೊದಲು ದಾಟಿದ್ದ ತೊರೆಗೇ ಬಂದು ಸೇರಿದ. ಮೂರನೆಯ ದಿನ ಮಠಕ್ಕೆ ಬಂದ.

“ಫೋನು ಕೈಕೊಟ್ಟಿತು, ಗುರುಗಳೇ,” ಎಂದ.

“ಪಾಪ, ಅದಕ್ಕೇನು ಗೊತ್ತು? ನಿನ್ನಣ್ಣನ ಗುರುತು ಅದಕ್ಕೆ ನೀನು ಹೇಳಿದ್ದೆಯಾ?” ಎಂದರು ಗುರುಗಳು. ಶಾಲಿಗೆ ಚುಚ್ಚಿಕೊಂಡಿದ್ದ ಪಿನ್ನು ಬಿಚ್ಚಿದರು. “ಕಾಲು ಇತ್ತ ಕೊಡು.”

ಐತಪ್ಪ ಕಾಲನ್ನು ಹಿಂದಕ್ಕೆ ಎಳೆದುಕೊಂಡ. ಗುರುಗಳ ಕೈಗೆ ಕಾಲು ಕೊಡುವುದು ಹೇಗೆ?

“ಮುಳ್ಳಿಗೆ ಗುರು ಯಾರು, ಶಿಷ್ಯ ಯಾರು ಎಂದು ಗೊತ್ತಾಗುವುದಿಲ್ಲ, ಮಾರಾಯ. ಕೊಡು. ಅಲ್ಲಾಡಿಸಬೇಡ. ಆಚೆ ಈಚೆ ತಿರುಗಲೂ ಬೇಡ. ಹೇಳುತ್ತೇನೆ, ಕೇಳು.”

ಕಾಲನ್ನು ತೊಡೆಯ ಮೇಲೆ ಇಟ್ಟುಕೊಂಡು ಅವರು ಕತೆ ಹೇಳಿದರು.

ಒಂದು ಬೆಟ್ಟವಿತ್ತು. ಆಚೆ ಒಂದು ಊರು, ಈಚೆ ಒಂದು ಊರು. ಆಚೆಯ ಊರಿಗೆ ವರ್ಷವಿಡೀ ಹರಿಯುವ ಹೊಳೆಯಿತ್ತು. ಈಚೆಯ ಊರಿಗೆ ಇರಲಿಲ್ಲ. ಎರಡು ಊರಿನವರೂ ಕೂತು ಮಾತಾಡಿ, ಬೆಟ್ಟದ ಹೊಟ್ಟೆಯೊಳಗೆ ಸುರಂಗ ತೋಡಿ ನೀರು ತರುವುದು ಎಂದು ತೀರ್ಮಾನಿಸಿದರು. ಒಂದು ಕಡೆಯಿಂದ ತೋಡಿದರೆ ಐದು ವರ್ಷ. ಎರಡು ಕಡೆಯಿಂದ ತೋಡಿದರೆ ಎರಡೂವರೆ. ಆದ್ದರಿಂದ ಆಚೆಗೆ ಒಬ್ಬ ಸುರಂಗ ತೋಡುವವನನ್ನು ಗೊತ್ತು ಮಾಡಿದರು, ಈಚೆಗೆ ಒಬ್ಬನನ್ನು. ಇಬ್ಬರೂ ಬೇರೆ ಊರುಗಳಿಂದ ಬಂದವರು. ಒಬ್ಬನಿಗೆ ಇನ್ನೊಬ್ಬ ಯಾರೆಂದು ಗೊತ್ತಿರಲಿಲ್ಲ. ಗೊತ್ತಾಗಬೇಕಾದ ಅಗತ್ಯವೂ ಇರಲಿಲ್ಲ. ಬೆಟ್ಟದ ನಡುವೆ ಹೇಗೂ ಸಿಗುತ್ತಾರಲ್ಲ ಎಂದು ಊರವರು ಅಂದುಕೊಂಡರು.

ಸಿಗುವುದು ಅಷ್ಟು ಸುಲಭವಲ್ಲ. ಬೆಟ್ಟದ ಮೇಲೆ ಆಕಾಶವಿದೆ, ಸೂರ್ಯನಿದ್ದಾನೆ, ಕಣ್ಣಿಗೆ ಆಚೆಯ ಊರು ಕಾಣುತ್ತದೆ. ಒಳಗೆ ಏನಿದೆ? ಎದುರಿಗೆ ಕಲ್ಲು. ಎಡಕ್ಕೂ ಕಲ್ಲು, ಬಲಕ್ಕೂ ಕಲ್ಲು. ಒಂದು ಗೇಣು ವಾಲಿದರೆ ನೂರು ಮಾರು ಹೋಗುವಷ್ಟರಲ್ಲಿ ಎಲ್ಲಿಂದೆಲ್ಲಿಗೋ ಹೋಗಿರುತ್ತೀಯೆ.

ಅದಕ್ಕಾಗಿ ಊರವರು ಗೆರೆ ಹಾಕುವ ಮುದುಕನೊಬ್ಬನನ್ನು ಕರೆಸಿದರು. ಅವನು ಬೆಟ್ಟ ಹತ್ತಿದ. ಕೋಲಿನ ಹಿಂದೆ ಕೋಲು ನೆಟ್ಟು, ಒಂದು ಕಣ್ಣು ಮುಚ್ಚಿ ನೋಡಿ ನೋಡಿ, ಈ ಊರಿನಿಂದ ಆ ಊರಿಗೆ ಬೆಟ್ಟದ ನೆತ್ತಿಯ ಮೇಲೆಯೇ ನೇರ ಗೆರೆ ಹಿಡಿದ. ಹದಿನೆಂಟು ದಿನ ಬೇಕಾಯಿತು. ಆಮೇಲೆ ಆ ಗೆರೆಯನ್ನು ಕೆಳಗಿಳಿಸಿದ. ಗಾರೆಯವರು ಗೋಡೆ ನೆಟ್ಟಗಿದೆಯೇ ಎಂದು ನೋಡಲು ತೂಗುಗುಂಡು ಬಿಡುತ್ತಾರಲ್ಲ, ಅಂಥ ಎರಡು ಗುಂಡುಗಳನ್ನು ಗೆರೆಯ ಮೇಲೆ ಸರಿಯಾಗಿ ಇಳಿಬಿಟ್ಟ. ಒಂದು ಸುರಂಗದ ಬಾಯಲ್ಲಿ. ಇನ್ನೊಂದು, ಬಾಯಿಯಷ್ಟನ್ನು ತೋಡಿಸಿದ ಮೇಲೆ, ಇಪ್ಪತ್ತು ಮೊಳ ಒಳಗೆ. ಎರಡು ದಾರಕ್ಕೂ ಒಂದೊಂದು ಸಣ್ಣ ಎಣ್ಣೆ ದೀಪ ಕಟ್ಟಿದ. ಆಚೆಯ ಊರಿನಲ್ಲೂ ಹಾಗೆಯೇ ಮಾಡಿದ.

ಈಚೆಯವನನ್ನು ಕರೆದು ಹೇಳಿದ: “ಮುಂದೆ ನೋಡಿಕೊಂಡು ಅಗೆಯಬೇಡ. ಮುಂದೆ ನಿನಗೆ ತಿಳಿಯುವಂಥದ್ದು ಏನೂ ಇಲ್ಲ. ಹತ್ತು ಪೆಟ್ಟಿಗೊಮ್ಮೆ ಹಿಂದೆ ತಿರುಗಿ ನೋಡು. ಎರಡು ದೀಪ ಒಂದಾಗಿ ಕಂಡರೆ ನೀನು ಸರಿಯಾಗಿದ್ದೀಯೆ. ಎರಡಾಗಿ ಕಂಡರೆ ತಪ್ಪಿದ್ದೀಯೆ. ಅಷ್ಟೇ.”

ಹೇಳಿ ಅವನು ಹೋದ.

“ಒಂದು ದೀಪ ಸಾಲದೇ, ಗುರುಗಳೇ?” ಎಂದು ಐತಪ್ಪ ನಡುವೆ ಕೇಳಿದ.

“ಒಂದು ದೀಪವನ್ನು ಯಾವ ಮೂಲೆಯಿಂದ ನೋಡಿದರೂ ಒಂದೇ ಆಗಿ ಕಾಣುತ್ತದೆ. ಹಿಂದೆ ಬಾಗಿಲಿದೆ ಎಂದಷ್ಟೇ ಅದು ಹೇಳುತ್ತದೆ. ನೀನು ಸೊಟ್ಟಗಿದ್ದೀಯೆ ಎಂದು ಹೇಳುವುದಿಲ್ಲ. ಕಾಲು ಅಲ್ಲಾಡಿಸಬೇಡ ಅಂದೆನಲ್ಲ.”

ಸುರಂಗ ತೋಡುವವನು ಕೆಲಸ ಶುರುಮಾಡಿದ. ಅವನ ಹೆಂಡತಿ ದೀಪ ನೋಡಿಕೊಳ್ಳುವ ಕೆಲಸ ವಹಿಸಿಕೊಂಡಳು. ದಿನಾ ಬೆಳಗ್ಗೆ ಬತ್ತಿ ಹೊಸೆದು, ಎಣ್ಣೆ ಹಾಕಿ, ದಾರ ಅಲುಗದಂತೆ ದೀಪ ಹಚ್ಚುವಳು. ಗಂಡ ಒಳಗೆ ಹೋದ ಮೇಲೆ ಸುರಂಗದ ಬಾಯಲ್ಲಿ ನಿಂತು ಒಮ್ಮೆ ನೋಡುವಳು. ಅವನ ಕೈದೀಪವೂ ಸೇರಿ ಮೂರು ದೀಪ ಒಂದೇ ಗೆರೆಯಲ್ಲಿ ಕಂಡರೆ ಅವಳು ತನ್ನ ಕೆಲಸಕ್ಕೆ ಹೋಗುವಳು. ಊರವರು ಮಣ್ಣು ಹೊತ್ತು ಹೊರಗೆ ಹಾಕುವರು. ಹೀಗೆ ಎರಡು ವರ್ಷ ಕಳೆಯಿತು.

ಅವನು ಮಾತು ಕಡಿಮೆಯ ಮನುಷ್ಯ. ಒಳಗೆ ಒಬ್ಬನೇ ಇರುವುದು ಅವನಿಗೆ ಹಿತವೇ ಆಗಿತ್ತು. ಹತ್ತು ಪೆಟ್ಟು ಹೊಡೆಯುವನು, ತಿರುಗಿ ನೋಡುವನು. ದೂರದಲ್ಲಿ ಒಂದೇ ದೀಪ. ಅವನ ಮನಸ್ಸು ತಣ್ಣಗಾಗುವುದು. ಮತ್ತೆ ಹತ್ತು ಪೆಟ್ಟು.

ಎರಡು ವರ್ಷ ತುಂಬಿದ ಮೇಲೆ ಒಂದು ದಿನ ಅವನು ಬೆವರೊರೆಸಿಕೊಳ್ಳಲು ಕೂತಿದ್ದಾಗ ಕಲ್ಲಿನೊಳಗಿನಿಂದ ಸದ್ದು ಕೇಳಿತು. ಆಚೆಯವನ ಸುತ್ತಿಗೆಯ ಸದ್ದು. ತೀರಾ ಸಣ್ಣದು. ಅವನು ಕಲ್ಲಿಗೆ ಕಿವಿ ಇಟ್ಟ. ಬೇಗ ಬೇಗ ಎರಡು ಪೆಟ್ಟು, ಒಂದು ಉಸಿರು, ಆಮೇಲೆ ತಡೆದು ಒಂದು ಪೆಟ್ಟು. ಮತ್ತೆ ಅದೇ. ಎರಡು ಪೆಟ್ಟು, ಒಂದು ಉಸಿರು, ಒಂದು ಪೆಟ್ಟು.

ಅವನ ಕೈಯಿಂದ ಉಳಿ ಕೆಳಗೆ ಬಿದ್ದು ಮೊನೆ ಮುರಿಯಿತು.

ಸುರಂಗ ತೋಡುವವರಲ್ಲಿ ಪ್ರತಿಯೊಬ್ಬನಿಗೂ ಅವನದೇ ಆದ ಪೆಟ್ಟು ಇರುತ್ತದೆ. ನಮ್ಮ ನಡಿಗೆ ಇರುವ ಹಾಗೆ. ಅದನ್ನು ಬಚ್ಚಿಡಲು ಬರುವುದಿಲ್ಲ, ಇನ್ನೊಬ್ಬರಿಂದ ಎರವಲು ತರಲೂ ಬರುವುದಿಲ್ಲ. ಈ ಪೆಟ್ಟು ಅವನಿಗೆ ಚಿಕ್ಕಂದಿನಿಂದ ಗೊತ್ತಿದ್ದದ್ದು. ಅದು ಅವನ ತಮ್ಮನದು.

ಅಣ್ಣ ತಮ್ಮ ಇಬ್ಬರೂ ಕೆಲಸ ಕಲಿತದ್ದು ಅಪ್ಪನ ಕೈಯಲ್ಲಿ. ಮೂವರೂ ಸೇರಿ ಹಲವು ಸುರಂಗ ತೋಡಿದ್ದರು. ಒಂದು ಸುರಂಗದಲ್ಲಿ ಅಣ್ಣ ಮೇಲಿನ ಕಲ್ಲು ತಟ್ಟಿ ನೋಡಿ, ಗಟ್ಟಿ ಇದೆ ಎಂದ. ಅಪ್ಪ ಒಳಗೆ ಹೋದ. ಕಲ್ಲು ಕುಸಿಯಿತು. ಅಪ್ಪನನ್ನು ಹೊರಗೆ ತಂದು ಮಲಗಿಸಿದಾಗ ತಮ್ಮ ಎಲ್ಲರೆದುರು, “ನೀನೇ ಕೊಂದದ್ದು,” ಎಂದ. ಅಣ್ಣ ಅದೇ ದಿನ ಹೆಂಡತಿಯನ್ನು ಕರೆದುಕೊಂಡು ಊರು ಬಿಟ್ಟ. ತಮ್ಮನೂ ಆಮೇಲೆ ಎಲ್ಲಿಗೋ ಹೋದ. ಎಷ್ಟೋ ವರ್ಷ ಒಬ್ಬನ ಸುದ್ದಿ ಇನ್ನೊಬ್ಬನಿಗೆ ಇರಲಿಲ್ಲ.

ಗುರುಗಳು ಪಿನ್ನಿನ ತುದಿ ಒರೆಸಿಕೊಂಡರು. ಐತಪ್ಪ ತಲೆ ತಗ್ಗಿಸಿದ್ದ. ಮುಳ್ಳಿನ ನೋವಿಗೋ ಬೇರೆ ಯಾವುದಕ್ಕೋ ಅವನ ಕಣ್ಣು ತುಂಬಿತ್ತು.

“ನೋಯುತ್ತಿದೆಯೇ?”

“ಇಲ್ಲ, ಹೇಳಿ.”

ಗುರುಗಳು ಮುಂದುವರಿಸಿದರು. ಅವರ ದನಿ ಮೊದಲಿಗಿಂತ ಸ್ವಲ್ಪ ಗಟ್ಟಿಯಾಗಿತ್ತು.

ಆ ಸದ್ದು ಕೇಳಿದ ದಿನದಿಂದ ಅಣ್ಣನಿಗೆ ನಿದ್ದೆ ಕಡಿಮೆಯಾಯಿತು. ಅನ್ನ ಸೇರಲಿಲ್ಲ. ಎಷ್ಟು ಹೊತ್ತಿಗೆ ಬೆಳಗಾಗುತ್ತದೆ, ಎಷ್ಟು ಹೊತ್ತಿಗೆ ಒಳಗೆ ಹೋಗುತ್ತೇನೆ ಎಂದು ಕಾಯುವನು. ತಮ್ಮನ ಮೇಲೆ ಅವನಿಗೆ ಸಿಟ್ಟಿರಲಿಲ್ಲ. ಇದ್ದ ಸಿಟ್ಟೆಲ್ಲ ತನ್ನ ಮೇಲೆಯೇ ಆಗಿತ್ತು, ಅದೂ ಇಷ್ಟು ವರ್ಷಗಳಲ್ಲಿ ಸವೆದಿತ್ತು. ಉಳಿದದ್ದು ಒಂದೇ. ತಮ್ಮನನ್ನು ಒಮ್ಮೆ ನೋಡಬೇಕು. ಅವನು ಬೈದರೂ ಸರಿ. ಎದುರಿಗೆ ನಿಂತು ಬೈಯಲಿ.

ಬೆಟ್ಟ ಸುತ್ತಿ ಹೋಗಿ ನೋಡಬಹುದಿತ್ತಲ್ಲ ಎಂದು ನೀನು ಕೇಳಬಹುದು. ಎರಡು ದಿನದ ದಾರಿ. ಹೋಗಬಹುದಿತ್ತು. ಹೋಗಲು ಧೈರ್ಯವಿರಲಿಲ್ಲ. ಬಾಗಿಲಿಗೆ ಹೋದರೆ ಬಾಗಿಲು ಹಾಕಿಕೊಂಡಾನು ಎಂಬ ಹೆದರಿಕೆ. ಕಲ್ಲು ಒಡೆದು ಎದುರಾದರೆ ಅವನಾದರೂ ಎಲ್ಲಿಗೆ ಹೋದಾನು? ಇಂಥ ಲೆಕ್ಕಾಚಾರ ಹಾಕದವರು ಯಾರಿದ್ದಾರೆ?

ಹಾಗೆ ಅವನು ಸದ್ದು ಬಂದ ಕಡೆಗೆ ಅಗೆಯತೊಡಗಿದ. ಸದ್ದು ತುಸು ಬಲಗಡೆಯಿಂದ ಬರುತ್ತಿತ್ತು. ಬಲಕ್ಕೆ ತಿರುಗಿದ. ಹತ್ತು ಪೆಟ್ಟಿಗೊಮ್ಮೆ ಹಿಂದೆ ನೋಡುವ ಬದಲು ಕಲ್ಲಿಗೆ ಕಿವಿ ಇಟ್ಟ. ದೀಪ ನೋಡುವುದನ್ನು ಮೊದಲು ದಿನಕ್ಕೊಮ್ಮೆಗೆ ಇಳಿಸಿದ, ಆಮೇಲೆ ವಾರಕ್ಕೊಮ್ಮೆಗೆ.

ಕಲ್ಲಿನೊಳಗೆ ಸದ್ದು ನೇರ ಬರುವುದಿಲ್ಲ. ಮೆದು ಕಲ್ಲಿನಲ್ಲಿ ಅಡಗುತ್ತದೆ. ಬಿರುಕು ಸಿಕ್ಕಿದ ಕಡೆ ನುಗ್ಗುತ್ತದೆ. ಎಲ್ಲಿ ದಾರಿಯಿದೆಯೋ ಅಲ್ಲಿಂದ ಬಂದು ಕಿವಿಗೆ ಬೀಳುತ್ತದೆ. ಇದು ಅವನಿಗೆ ಗೊತ್ತಿಲ್ಲದ ವಿಷಯವೇನಲ್ಲ. ಅವನಪ್ಪ ಮೊದಲ ದಿನವೇ ಹೇಳಿಕೊಟ್ಟದ್ದು. ಆದರೆ ತಮ್ಮನ ಸದ್ದು ಎಂದ ಮೇಲೆ ಅಪ್ಪನ ಮಾತೂ ನೆನಪಾಗಲಿಲ್ಲ. ಆಚೆ ಯಾರೋ ಇದ್ದಾರೆ ಎಂದು ಸದ್ದು ಹೇಳುತ್ತದೆ. ಎಲ್ಲಿದ್ದಾರೆ ಎಂದು ಹೇಳುವುದಿಲ್ಲ. ಹಂಬಲವೂ ಹಾಗೆಯೇ, ಐತಪ್ಪ. ಅದು ಸುಳ್ಳು ಹೇಳುವುದಿಲ್ಲ, ಅದಕ್ಕೆ ದಿಕ್ಕು ಗೊತ್ತಿಲ್ಲ ಅಷ್ಟೇ.

ಒಂದು ದಿನ ಅವನು ತಿರುಗಿ ನೋಡಿದಾಗ ದೀಪ ಎರಡಾಗಿ ಕಂಡಿತು. ಸಂಜೆ ಹೊರಗೆ ಬಂದವನು ಹೆಂಡತಿಯ ಮೇಲೆ ರೇಗಿದ.

“ಎಣ್ಣೆ ಹಾಕುವಾಗ ದೀಪ ಸರಿಸಿದ್ದೀಯಲ್ಲ. ದಾರ ಮುಟ್ಟಬೇಡ ಅಂದಿರಲಿಲ್ಲವಾ ನಾನು?”

“ದೀಪ ಅಲ್ಲೇ ಉಂಟು,” ಎಂದಳು ಅವಳು. “ಸರಿದದ್ದು ನೀವು.”

ಅವನು ಊಟ ಬಿಟ್ಟು ಎದ್ದ. ತಾನು ದಾರಿ ತಪ್ಪಿದೆನೆಂದು ಒಪ್ಪಿಕೊಳ್ಳುವುದಕ್ಕಿಂತ ದೀಪವೇ ದಾರಿ ತಪ್ಪಿದೆ ಎಂದುಕೊಳ್ಳುವುದು ಸುಲಭ. ಫೋನು ಕೈಕೊಟ್ಟಿತು ಅಂದೆಯಲ್ಲ, ಹಾಗೆ.

ಮತ್ತೆ ಸ್ವಲ್ಪ ದಿನಕ್ಕೆ ಸುರಂಗ ಎಷ್ಟು ತಿರುಗಿತೆಂದರೆ ಒಳಗಿನಿಂದ ದೀಪವೇ ಕಾಣದಾಯಿತು. ಅವಳಿಗೆ ಹೊರಗಿನಿಂದ ಅವನ ಕೈದೀಪ ಕಾಣದಾಯಿತು. ಅವಳು ಅದನ್ನು ಹೇಳಿದಳು. ಒಳಗೆ ಧೂಳು ಇದೆ ಎಂದು ಅವನು ಸುಳ್ಳು ಹೇಳಿದ. ಅದು ಸುಳ್ಳೆಂದು ಅವಳಿಗೆ ಗೊತ್ತಾಯಿತು. ಆದರೂ ಮರುದಿನ ಬೆಳಗ್ಗೆ ಬತ್ತಿ ಹೊಸೆದಳು, ಎರಡು ದೀಪಕ್ಕೂ ಎಣ್ಣೆ ಹಾಕಿದಳು. ಯಾರೂ ನೋಡದ ದೀಪಕ್ಕೆ ಎಣ್ಣೆ ದಂಡ ಎಂದು ಊರವರು ಗೊಣಗಿದರು. ಅವಳು ತನ್ನ ತಲೆಗೆ ಹಚ್ಚಿಕೊಳ್ಳುವ ಎಣ್ಣೆ ಉಳಿಸಿ ಹಾಕಿದಳು.

ಸದ್ದು ದಿನದಿಂದ ದಿನಕ್ಕೆ ಜೋರಾಯಿತು. ಈಗ ಕಿವಿ ಇಡುವುದೇ ಬೇಡ. ಎರಡು ಪೆಟ್ಟು, ಒಂದು ಉಸಿರು, ಒಂದು ಪೆಟ್ಟು. ತಮ್ಮ ಕೆಮ್ಮಿದ್ದೂ ಕೇಳಿದಂತಾಗುತ್ತಿತ್ತು. ಅವನು ಆಚೆಯಿಂದ ಉತ್ತರ ಬರಲೆಂದು ತನ್ನ ಪೆಟ್ಟು ನಿಲ್ಲಿಸುವನು. ಆಚೆಯ ಪೆಟ್ಟೂ ನಿಲ್ಲುವುದು. ಇವನು ಹೊಡೆದರೆ ಅದೂ ಹೊಡೆಯುವುದು. ಹಾಗಾದರೆ ತಮ್ಮನಿಗೂ ಗೊತ್ತಾಗಿದೆ. ಅವನೂ ಗುರುತು ಹಿಡಿದಿದ್ದಾನೆ. ಅವನೂ ಈ ಕಡೆಗೆ ಬರುತ್ತಿದ್ದಾನೆ. ಇನ್ನು ಒಂದು ವಾರ. ಹೆಚ್ಚೆಂದರೆ ಹತ್ತು ದಿನ. ಅವನು ಒಗೆದ ಬಟ್ಟೆ ಉಟ್ಟು ಕೆಲಸಕ್ಕೆ ಹೋಗತೊಡಗಿದ, ತಮ್ಮನ ಎದುರು ಮಣ್ಣು ಮೆತ್ತಿಕೊಂಡು ನಿಲ್ಲಬಾರದೆಂದು.

ಹತ್ತು ದಿನವಾಯಿತು. ಹದಿನೈದಾಯಿತು.

ಆಮೇಲೆ ಒಂದು ದಿನ ಅವನು ಸುತ್ತಿಗೆ ನಿಲ್ಲಿಸಿ ಕೇಳಿಸಿಕೊಂಡ. ಸದ್ದು ಎದುರಿನಿಂದ ಬರುತ್ತಿರಲಿಲ್ಲ. ಬಲಗಡೆಯಿಂದಲೂ ಅಲ್ಲ. ಬೆನ್ನ ಹಿಂದಿನಿಂದ ಬರುತ್ತಿತ್ತು.

ಐತಪ್ಪ ಉಸಿರು ಹಿಡಿದ. “ದಾಟಿ ಹೋದರೇ?”

“ದಾಟಿ ಹೋದರು. ಒಬ್ಬ ಇನ್ನೊಬ್ಬನ ಸದ್ದು ಹಿಡಿದು ಬಾಗಿದ, ಇನ್ನೊಬ್ಬ ಇವನ ಸದ್ದು ಹಿಡಿದು ಬಾಗಿದ. ನಡುವೆ ನಾಲ್ಕಾಳು ಅಗಲದ ಕಲ್ಲು ಇತ್ತೋ ಏನೋ. ಹುಡುಕದೆ ತಪ್ಪಿಸಿಕೊಂಡವರಲ್ಲ ಅವರು. ಹುಡುಕಿ ತಪ್ಪಿಸಿಕೊಂಡವರು.”

ಅಣ್ಣ ಹೊರಗೆ ಬಂದು ಸುರಂಗದ ಬಾಯಲ್ಲಿ ಕೂತ. ಬಿಸಿಲು ಕಣ್ಣಿಗೆ ಬಿದ್ದರೂ ಕೈ ಅಡ್ಡ ಹಿಡಿಯಲಿಲ್ಲ. ಅಪ್ಪ ಸತ್ತ ದಿನ ಅಳದವನು ಅಂದು ಹೆಂಡತಿಯೆದುರು ಅತ್ತ. ಅವಳು ಪಕ್ಕದಲ್ಲಿ ಕೂತಳು. ಅವನ ಅಳು ನಿಲ್ಲುವವರೆಗೆ ಕಾದಳು.

“ಹಿಂದೆ ಬನ್ನಿ,” ಎಂದಳು. “ಎಲ್ಲಿ ನಿಂತರೆ ಎರಡು ದೀಪ ಒಂದಾಗಿ ಕಾಣುತ್ತದೋ ಅಲ್ಲಿಯವರೆಗೆ ಹಿಂದೆ ಬನ್ನಿ. ದೀಪ ಉರಿಯುತ್ತಾ ಉಂಟು.”

ಅವನು ಎದ್ದು ಒಳಗೆ ಹೋದ. ತಾನು ತೋಡಿದ ಸೊಟ್ಟ ಸುರಂಗದ ತುದಿಗೆ ಹೋಗಿ, ಅಲ್ಲಿಂದ ಹಿಂದೆ ಹಿಂದೆ ಬಂದ. ಒಂದು ತಿರುವಿನಲ್ಲಿ ಎರಡು ದೀಪ ಕಂಡವು. ಇನ್ನೂ ಹಿಂದೆ ಬಂದ. ದೀಪಗಳು ಹತ್ತಿರವಾದವು. ಇನ್ನೂ ನಾಲ್ಕು ಹೆಜ್ಜೆ. ಎರಡೂ ಒಂದಾದವು. ಅದು ಅವನು ಮೊದಲ ಸಲ ತಮ್ಮನ ಸದ್ದು ಕೇಳಿದ ಜಾಗ. ಅವನು ಬೀಳಿಸಿದ ಉಳಿಯ ಮೊನೆಯ ಚೂರು ಇನ್ನೂ ನೆಲದಲ್ಲಿ ಬಿದ್ದಿತ್ತು.

ಹದಿನಾಲ್ಕು ತಿಂಗಳ ಕೆಲಸ ನೀರಿಗೆ ಹೋಯಿತು. ಅವನು ಎದುರಿನ ಕಲ್ಲಿಗೆ ಮೊದಲ ಪೆಟ್ಟು ಹಾಕಿದ.

ಈಗ ಕಷ್ಟವಾದದ್ದು ಕಲ್ಲಲ್ಲ. ಕೇಳಿಸುವುದು. ತಮ್ಮನ ಸದ್ದು ಒಂದು ಪಕ್ಕದಿಂದ ಬರುತ್ತಿತ್ತು, ಅವನು ಬೇರೆ ಕಡೆಗೆ ಅಗೆಯಬೇಕಾಗಿತ್ತು. ಅಲ್ಲಿದ್ದಾನೆ, ಅಲ್ಲಿ, ಎಂದು ಇಡೀ ಮೈ ಹೇಳುತ್ತಿತ್ತು. ಅವನು ಕಿವಿಗೆ ಹತ್ತಿ ತುರುಕಿಕೊಂಡ. ಅದೂ ಸಾಲದೆ ತಲೆಗೆ ಬಟ್ಟೆ ಸುತ್ತಿಕೊಂಡ. ಹತ್ತು ಪೆಟ್ಟು. ತಿರುಗಿ ನೋಡು. ಒಂದೇ ದೀಪ. ಹತ್ತು ಪೆಟ್ಟು. ತಿರುಗಿ ನೋಡು. ತಮ್ಮನ ಮೇಲಿನ ಆಸೆ ಕಡಿಮೆಯಾಗಿ ಹೀಗೆ ಮಾಡಿದ ಎಂದುಕೊಳ್ಳಬೇಡ. ಆಸೆ ಎಷ್ಟಿತ್ತೆಂದರೆ ಅದರ ಮಾತು ಕೇಳಿದರೆ ಕೆಟ್ಟೆ ಎಂದು ಅವನಿಗೆ ಗೊತ್ತಾಗಿತ್ತು.

ಏಳು ತಿಂಗಳು ಹೀಗೆ ಹೋಯಿತು. ಎಂಟನೆಯ ತಿಂಗಳು ಸುತ್ತಿಗೆಯ ಒಂದು ಪೆಟ್ಟಿಗೆ ಕಲ್ಲು ಒಳಕ್ಕೆ ಬಿತ್ತು. ತಣ್ಣನೆಯ ಗಾಳಿ ಮುಖಕ್ಕೆ ಬಡಿಯಿತು. ಕಂಡಿಯನ್ನು ದೊಡ್ಡದು ಮಾಡಿ ತಲೆ ತೂರಿಸಿ ನೋಡಿದ. ಎದುರಿಗೆ ನೇರವಾದ ಸುರಂಗ. ಅದರ ತುದಿಯಲ್ಲಿ, ತೀರಾ ದೂರದಲ್ಲಿ, ಒಂದು ದೀಪ. ಆಚೆಯ ಊರಿನ ಎರಡು ದೀಪ ಒಂದಾಗಿ ಉರಿಯುತ್ತಿದ್ದವು. ತಿರುಗಿ ನೋಡಿದ. ಅವನ ಹೆಂಡತಿಯ ಎರಡು ದೀಪ ಒಂದಾಗಿ ಉರಿಯುತ್ತಿದ್ದವು. ಗೆರೆ ಹಾಕಿದ ಮುದುಕ ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

ಆದರೆ ನಡುವೆ ತಮ್ಮನಿರಲಿಲ್ಲ.

ಖಾಲಿ ಸುರಂಗದಲ್ಲಿ ನಿಂತು, ಇಷ್ಟು ಮಾಡಿಯೂ ಸಿಗಲಿಲ್ಲವೇ ಎಂದುಕೊಂಡ. ಕೈದೀಪ ಹಿಡಿದು ಮುಂದೆ ನಡೆದ. ಸ್ವಲ್ಪ ದೂರದಲ್ಲಿ ಸುರಂಗದ ಪಕ್ಕದ ಗೋಡೆಯಲ್ಲಿ ಒಂದು ತಿರುವು ಕಂಡಿತು. ತಾನು ತಿರುಗಿದ ಹಾಗೆಯೇ ತಿರುಗಿದ ಸೊಟ್ಟ ದಾರಿ. ಅಲ್ಲಲ್ಲಿ ಉಳಿಯ ಗುರುತು. ಎರಡು ಸಣ್ಣವು, ಒಂದು ಆಳದ್ದು. ಅವನು ಕಿವಿಯ ಹತ್ತಿ ತೆಗೆದು ಎಸೆದ. ಸದ್ದು ಕೇಳಲಿಲ್ಲ. ಆ ದಾರಿಯಲ್ಲಿ ಒಳಕ್ಕೆ ಹೋದ.

ದಾರಿಯ ತುದಿಯಲ್ಲಿ ತಮ್ಮ ಇದ್ದ. ಅವನಿಗೆ ಬೆನ್ನು ಮಾಡಿ ನಿಂತಿದ್ದ. ತ್ರಾಣವಿಲ್ಲದೆ ಸುತ್ತಿಗೆಯನ್ನು ಕೆಳಗಿಟ್ಟಿದ್ದ. ತಲೆಯಲ್ಲಿ ಬಿಳಿ ಕೂದಲು ಬಂದಿತ್ತು. ಎರಡೂ ಕೈಯನ್ನು ಕಲ್ಲಿಗೆ ಆನಿಸಿ, ಕೆನ್ನೆಯನ್ನೂ ಕಲ್ಲಿಗೆ ಆನಿಸಿ, ಕೇಳಿಸಿಕೊಳ್ಳುತ್ತಿದ್ದ. ಇಷ್ಟು ದಿನ ಬರುತ್ತಿದ್ದ ಅಣ್ಣನ ಸದ್ದು ಅಂದು ಬೆಳಗ್ಗೆ ನಿಂತುಹೋಗಿತ್ತು. ಕಲ್ಲಿಗೆ ಬಾಯಿ ಹಚ್ಚಿ ಅವನು ಮೆಲ್ಲಗೆ ಮಾತಾಡುತ್ತಿದ್ದ.

“ಅಣ್ಣಾ, ಯಾಕೆ ನಿಲ್ಲಿಸಿದೆ? ಸುಸ್ತಾಯ್ತಾ? ನಾ ಅಂದ ಮಾತು ಮರೆತುಬಿಡು. ಒಂದು ಪೆಟ್ಟು ಹೊಡಿ. ಒಂದೇ ಒಂದು.”

ಅಣ್ಣ ಅವನ ಹಿಂದೆ ನಿಂತು ಕೇಳಿಸಿಕೊಂಡ. ಕೈದೀಪವನ್ನು ಮೆಲ್ಲಗೆ ನೆಲಕ್ಕಿಟ್ಟ.

ಗುರುಗಳು ಮಾತು ನಿಲ್ಲಿಸಿದರು. ಪಿನ್ನಿನಿಂದ ಒಂದು ಸಲ ಮೀಟಿದರು. ಕಪ್ಪಗಿನ ಸಣ್ಣ ಮುಳ್ಳು ಹೊರಗೆ ಬಂತು. ಅದನ್ನು ಅಂಗೈಯಲ್ಲಿಟ್ಟು ನೋಡಿ, ಆಚೆ ಎಸೆದು, ಐತಪ್ಪನ ಕಾಲನ್ನು ಮೆಲ್ಲಗೆ ಕೆಳಗಿಟ್ಟರು.

ಐತಪ್ಪ ಅದನ್ನು ಗಮನಿಸಲಿಲ್ಲ. ಅವನ ಕೆನ್ನೆ ಒದ್ದೆಯಾಗಿತ್ತು. ಹಿಂದೆ ಜಗಲಿಯ ಹಲಗೆ ಒಮ್ಮೆ ಕಿರುಗುಟ್ಟಿದ್ದೂ ಅವನಿಗೆ ಕೇಳಿಸಲಿಲ್ಲ.

“ಗುರುಗಳೇ,” ಎಂದ. “ತಮ್ಮ ತಿರುಗಿ ನೋಡಿದನೇ?”

“ಅದು ನನಗೆ ಹೇಗೆ ಗೊತ್ತಾಗಬೇಕು, ಐತಪ್ಪ? ನೀನು ಕಾಡು ಹೊಕ್ಕ ದಿನವೇ ದೂಮಣ್ಣ ನೀವಿಬ್ಬರೂ ಒಂದೇ ಎಲೆಯಲ್ಲಿ ತಿಂದ ಈ ಜಗಲಿಗೆ ಬಂದ, ಈಗ ಎದ್ದು ನಿನ್ನ ಬೆನ್ನ ಹಿಂದೆ ನಿಂತಿದ್ದಾನೆ. ತಿರುಗುವುದು ತಮ್ಮನಿಗೆ ಬಿಟ್ಟದ್ದು.”